ಗಯಾನಾಕ್ಕೆ ಹೋದ ಹೆಣ್ಣಿನ ಕಡೆಯವರು

ಜನವರಿಯ ಒಂದು ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ನಾರ್ತ್‌ವಿಲ್‌ನ ನಮ್ಮ ಮನೆಯಿಂದ ಹೊರಟೆವು. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಹೋಗಬೇಕಾಗಿದ್ದದ್ದು ದಕ್ಷಿಣ ಅಮೆರಿಕದ ಗಯಾನಾಕ್ಕೆ. ಡೆಟ್ರಾಯಿಟ್ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಆದರೂ ನಾವು ಕಾರು ತಿರುಗಿಸಿದ್ದು ಶಿಕಾಗೋ ಕಡೆಗೆ, ಇನ್ನೂರ ಎಂಬತ್ತು ಮೈಲಿ ದೂರಕ್ಕೆ. ಅಲ್ಲಿಂದ ಹಾರಿದರೆ ಒಂದೊಂದು ಟಿಕೆಟ್ಟಿಗೆ ನೂರ ಎಂಬತ್ತು ಡಾಲರ್ ಕಡಿಮೆ ಎಂದು ನನ್ನ ಗಂಡ ರಘು ಕಂಡುಹಿಡಿದಿದ್ದರು. ಗ್ಯಾಸು, ಪಾರ್ಕಿಂಗು, ಹಿಮದಲ್ಲಿ ಐದಾರು ಗಂಟೆಯ ಡ್ರೈವು, ಇವು ಯಾವುವೂ ಆ ಲೆಕ್ಕದಲ್ಲಿ ಇರಲಿಲ್ಲ. ಕೇಳಿದ್ದಕ್ಕೆ, "ನಿನಗೆ ಪ್ಲಾನಿಂಗ್ ಅರ್ಥ ಆಗಲ್ಲ ಬಿಡು ಮಾಲತಿ" ಎಂದರು. ಇವರು ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತೇಳು ವರ್ಷದಿಂದ ಎಂಜಿನಿಯರು. ಮನೆಗೆ ಬಂದರೂ ಎಂಜಿನಿಯರೇ.

ಗಯಾನಾಕ್ಕೆ ಯಾಕೆ ಎಂದು ಒಂದು ತಿಂಗಳಿಂದ ಎಲ್ಲರೂ ಕೇಳುತ್ತಿದ್ದರು. ಜನ ಪೆರುವಿಗೆ ಹೋಗುತ್ತಾರೆ, ಬ್ರೆಜಿಲ್ಲಿಗೆ ಹೋಗುತ್ತಾರೆ. ಗಯಾನಾಕ್ಕೆ ಯಾರು ಹೋಗುತ್ತಾರೆ? ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ನಾನು, "ಅಲ್ಲೊಂದು ದೊಡ್ಡ ಫಾಲ್ಸ್ ಇದೆಯಂತೆ" ಎಂದು ಸುಳ್ಳು ಹೇಳುತ್ತಿದ್ದೆ. ಫಾಲ್ಸ್ ಇರುವುದು ನಿಜ, ನಾವು ಅದನ್ನು ನೋಡಲು ಹೋಗುತ್ತಿದ್ದೇವೆ ಎನ್ನುವುದು ಸುಳ್ಳು. ನಿಜವಾದ ಕಾರಣ ನಮ್ಮ ಮಗಳು ಅನಘಾ. ಆನ್ ಆರ್ಬರ್‌ನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅದೇ ವಾರ್ಡಿನಲ್ಲಿ ನರ್ಸ್ ಆಗಿರುವ ದೇವ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಹೇಳಿ ಒಂದೂವರೆ ವರ್ಷವಾಗಿತ್ತು. ದೇವ್ ಗಯಾನಾದವನು. ಕಬ್ಬಿನ ತೋಟದ ಕೂಲಿಗೆಂದು ಇಂಡಿಯಾದಿಂದ ಹಡಗಿನಲ್ಲಿ ಹೋದವರ ಐದನೆಯ ತಲೆಮಾರು. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡಿದ್ದರಿಂದ ಅವನನ್ನು ಬೆಳೆಸಿದವರು ಅಪ್ಪನ ತಾಯಿ. ನಮ್ಮ ಅಜ್ಜಿ ಅಲ್ಲಿ ಆಜಿ.

ಆಜಿಗೆ ಎಂಬತ್ತನಾಲ್ಕು ವರ್ಷ. ಅಮೆರಿಕಕ್ಕೆ ಬರಲು ಎರಡು ಸಲ ವೀಸಾ ಕೇಳಿದ್ದರು, ಎರಡು ಸಲವೂ ಸಿಗಲಿಲ್ಲ. ಹುಡುಗಿಯ ಅಪ್ಪ ಅಮ್ಮನನ್ನು ಕಣ್ಣಾರೆ ನೋಡದೆ ಮದುವೆ ಬೇಡ ಎಂದು ಮೊಮ್ಮಗನಿಗೆ ಹೇಳಿಬಿಟ್ಟಿದ್ದರು. ಫೋನಿನಲ್ಲಿ ವಿಡಿಯೋ ಹಾಕಿ ತೋರಿಸಿದರೆ, "ಟಿವಿಯಲ್ಲಿ ಎಲ್ಲರೂ ಚೆನ್ನಾಗೇ ಕಾಣ್ತಾರೆ" ಎಂದರಂತೆ. ಅವರು ಬರಲಾಗುವುದಿಲ್ಲ, ಆದ್ದರಿಂದ ನಾವು ಹೋಗಬೇಕು. ಇವರಂತೂ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. "ಮನೆತನ ನೋಡ್ಕೊಂಡು ಬರೋಣ. ಆಮೇಲೆ ಡಿಸೈಡ್ ಮಾಡ್ತೀನಿ" ಎಂದಿದ್ದರು, ಹೊಸ ಮೆಷಿನ್ನನ್ನು ಪಾಸು ಮಾಡಲು ಹೊರಟವರ ಹಾಗೆ.

ಆನ್ ಆರ್ಬರ್‌ನಲ್ಲಿ ಅನಘಾ ಮತ್ತು ದೇವ್ ಹತ್ತಿಕೊಂಡರು. ಹಿಂದಿನ ರಾತ್ರಿಯ ಶಿಫ್ಟ್ ಮುಗಿಸಿ ನೇರವಾಗಿ ಬಂದಿದ್ದ ದೇವ್ ಹತ್ತು ನಿಮಿಷದಲ್ಲಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ. "ದೊಡ್ಡವರು ಡ್ರೈವ್ ಮಾಡ್ತಿದ್ರೆ ಹಿಂಗಾ ಮಲಗೋದು?" ಎಂದು ಇವರು ಕನ್ನಡದಲ್ಲಿ ಗೊಣಗಿದರು. "ಅಪ್ಪಾ, ಪ್ಲೀಸ್, ಡೋಂಟ್ ಸ್ಟಾರ್ಟ್" ಎಂದಳು ಅನಘಾ. ಕಲಮಜೂ ಹತ್ತಿರ ಬರುವಷ್ಟರಲ್ಲಿ ಮಿಷಿಗನ್ ಸರೋವರದ ಕಡೆಯಿಂದ ಹಿಮ ಬೀಸತೊಡಗಿತು. ಮುಂದೆಲ್ಲೋ ಟ್ರಕ್ಕೊಂದು ಅಡ್ಡ ಬಿದ್ದು ಒಂದೂವರೆ ಗಂಟೆ ನಿಂತಲ್ಲೇ ನಿಂತೆವು. ಚಿತ್ರಾನ್ನದ ಡಬ್ಬಿ ಖಾಲಿಯಾಯಿತು. ನೂರ ಎಂಬತ್ತು ಡಾಲರಿನ ಮಾತನ್ನು ನಾನು ಎತ್ತಲಿಲ್ಲ. ಎತ್ತಲಿಲ್ಲ ಎನ್ನುವುದು ಇವರಿಗೆ ಗೊತ್ತಾಗುವ ಹಾಗೆ ಕಿಟಕಿಯಾಚೆ ನೋಡುತ್ತಾ ಕೂತೆ.

ಆ ದಿನ ಉಳಿದುಕೊಂಡಿದ್ದು ಶಿಕಾಗೋ ಹೊರವಲಯದ ಗ್ಲೆಂಡೇಲ್ ಹೈಟ್ಸ್‌ನಲ್ಲಿ, ದೇವ್‌ನ ಸೋದರತ್ತೆ ಸೀತಾ ಅವರ ಮನೆಯಲ್ಲಿ. ಒಳ್ಳೆಯ ಹೆಂಗಸು. ಆದರೆ ಬಾಗಿಲಲ್ಲೇ ಎರಡು ದೊಡ್ಡ ಸೂಟ್‌ಕೇಸ್ ನಿಲ್ಲಿಸಿಕೊಂಡಿದ್ದರು. ಒಂದೊಂದು ಸರಿಯಾಗಿ ಐವತ್ತು ಪೌಂಡು. ವಿಟಮಿನ್ ಮಾತ್ರೆ, ಕಾಲುಚೀಲ, ಕುಕ್ಕರಿನ ರಬ್ಬರು, ಶಾಂಪೂ, ಮಿಕ್ಸಿ, ಎಲ್ಲವೂ ಅವರ ಅಮ್ಮನಿಗೆ, ಅಂದರೆ ಆಜಿಗಂತೆ. ನಮ್ಮ ಬಟ್ಟೆಗಳನ್ನು ಕೈಚೀಲಕ್ಕೆ ತುರುಕಿದ್ದಾಯಿತು. ಮಲಗುವ ಮುಂಚೆ ಇವರು ನಮ್ಮ ನಾಲ್ವರ ಪಾಸ್‌ಪೋರ್ಟನ್ನೂ ಕೇಳಿ ಪಡೆದು ಒಂದೇ ಪೌಚಿಗೆ ಹಾಕಿಕೊಂಡರು. "ಅವರವರದು ಅವರವರ ಹತ್ರ ಇರಲಿ ರೀ" ಎಂದೆ. "ಒಂದು ಕಡೆ ಇದ್ರೆ ಸೇಫು. ವಾಟರ್‌ಪ್ರೂಫ್ ಪೌಚು ಇದು" ಎಂದು ಜಿಪ್ಪು ಎಳೆದು ತೋರಿಸಿದರು.

ಮರುದಿನ ಬೆಳಿಗ್ಗೆ ಶಿಕಾಗೋದಿಂದ ಮಯಾಮಿಗೆ ಮೂರು ಗಂಟೆ ಚಿಲ್ಲರೆ, ಅಲ್ಲಿ ನಾಲ್ಕು ಗಂಟೆ ಕಾಯುವುದು, ಅಲ್ಲಿಂದ ಗಯಾನಾದ ರಾಜಧಾನಿ ಜಾರ್ಜ್‌ಟೌನ್‌ಗೆ ಮತ್ತೆ ನಾಲ್ಕೂವರೆ ಗಂಟೆ. ವಿಮಾನದಿಂದ ಇಳಿದಾಗ ಸಂಜೆ. ಎಂಬತ್ತು ಡಿಗ್ರಿಯ ಒದ್ದೆ ಬಿಸಿಗಾಳಿ ಮುಖಕ್ಕೆ ಅಪ್ಪಳಿಸಿತು. ಸ್ವೆಟರು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅತಿಥಿಗೃಹ ಸೇರಿದೆವು. ಬೆಳಗಾದರೆ ಆಜಿಯ ಕಿರಿಯ ಮಗ ಹರಿ ತನ್ನ ಮಿನಿಬಸ್ ತಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದರು. ಐವತ್ತು ದಾಟಿದ, ದೊಡ್ಡ ಹೊಟ್ಟೆಯ ನಗುಮುಖದ ಮನುಷ್ಯ. ಆ ದೇಶದ ಭಾಷೆ ಇಂಗ್ಲಿಷು. ಹಾಗೆಂದು ಪುಸ್ತಕದಲ್ಲಿ ಓದಿದ್ದೆ. ಹರಿ ಹತ್ತು ನಿಮಿಷ ಮಾತಾಡಿದರು, ನನಗೆ ತಿಳಿದದ್ದು "ಬ್ರೇಕ್‌ಫಾಸ್ಟ್" ಎಂಬ ಒಂದು ಪದ. ದೇವ್ ಪ್ರತಿ ಮಾತನ್ನೂ ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡಿ ಹೇಳಬೇಕಾಯಿತು. ಇಲ್ಲಿ ನಾನು ಬರೆಯುವ ಅವರ ಮಾತುಗಳೆಲ್ಲ ಹಾಗೆ ನನ್ನ ಕಿವಿಗೆ ಎರಡನೆಯ ಸಲ ಬಿದ್ದವು.

ಅವರ ಊರು ಪೂರ್ವಕ್ಕೆ, ಬರ್ಬೀಸ್ ನದಿಯ ಆಚೆ. ರಸ್ತೆಯ ಎಡಗಡೆ ಕಂದು ಬಣ್ಣದ ಅಟ್ಲಾಂಟಿಕ್ ಸಮುದ್ರ, ಬಲಗಡೆ ಬತ್ತದ ಗದ್ದೆ. ವಾಹನಗಳು ಇಂಡಿಯಾದ ಹಾಗೆ ರಸ್ತೆಯ ಎಡಕ್ಕೆ ಓಡುತ್ತವೆ. ಮನೆಗಳು ಕಂಬಗಳ ಮೇಲೆ ನಿಂತಿವೆ. ಹಲವು ಮನೆಗಳ ಮುಂದೆ ಬಿದಿರು ಗಳುಗಳಿಗೆ ಕಟ್ಟಿದ ಕೆಂಪು ಹಳದಿ ಬಾವುಟಗಳು. ಅವು ಪೂಜೆ ಮಾಡಿಸಿದ ಹಿಂದೂ ಮನೆಗಳ ಗುರುತು ಎಂದ ದೇವ್. ಇದನ್ನೆಲ್ಲ ನೆಮ್ಮದಿಯಾಗಿ ನೋಡಬಹುದಿತ್ತು, ಹರಿಯ ಬಸ್ಸಿನ ಸ್ಪೀಕರು ಎದೆಗೂಡನ್ನು ಅಲುಗಿಸದೇ ಇದ್ದಿದ್ದರೆ. ದಾರಿಯಲ್ಲಿ ಎಳನೀರು ಕುಡಿದು ಇವರು ಎಷ್ಟು ಎಂದು ಕೇಳಿದರು. "ಐನೂರು ಡಾಲರ್" ಎಂದಳು ಮಾರುವವಳು. ಇವರ ಮುಖ ನೋಡಿ ಹರಿ ರಸ್ತೆ ಬದಿಯಲ್ಲಿ ಕೂತು ನಕ್ಕರು. ಗಯಾನಾದ ಐನೂರು ಡಾಲರ್ ಎಂದರೆ ನಮ್ಮ ಎರಡೂವರೆ.

ಹನ್ನೊಂದು ಗಂಟೆಗೆ ನದಿ ಬಂತು, ಸೇತುವೆ ಇರಲಿಲ್ಲ. ಇತ್ತು, ಆದರೆ ಅದು ತೇಲುವ ಸೇತುವೆ. ಹಡಗು ಬರುವ ಹೊತ್ತಿಗೆ ನಡುವಿನ ತುಂಡನ್ನು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಹಡಗು ದಾಟುವವರೆಗೆ ಎರಡು ದಡದ ವಾಹನಗಳೂ ನಿಲ್ಲಬೇಕು. "ಟೈಮ್‌ಟೇಬಲ್ ಇರಬೇಕಲ್ಲ? ಮುಂಚೆನೇ ನೋಡ್ಕೊಂಡು ಬರಬಾರದಿತ್ತಾ?" ಎಂದು ಇವರು ದೇವ್‌ನನ್ನು ತರಾಟೆಗೆ ತೆಗೆದುಕೊಂಡರು. "ಅಂಕಲ್, ನೋಡಿಯೇ ಹೊರಟಿದ್ದು. ಹಡಗಿನವರು ಟೈಮ್‌ಟೇಬಲ್ ನೋಡಿಲ್ಲ" ಎಂದ ಅವನು ಮೆಲ್ಲಗೆ. ಎರಡು ಗಂಟೆ ಕಾದೆವು. ಹಡಗು ದಾಟಿದ್ದು ಐದು ನಿಮಿಷದಲ್ಲಿ.

ಆ ತೀರದಲ್ಲಿ ಎಷ್ಟೋ ಹಳ್ಳಿಗಳಿಗೆ ಹೆಸರೇ ಇಲ್ಲ, ನಂಬರು ಮಾತ್ರ. ಆಜಿಯ ಹಳ್ಳಿ ಐವತ್ತರ ಆಸುಪಾಸಿನ ಒಂದು ನಂಬರು. ಇಡೀ ಪ್ರಯಾಣದಲ್ಲಿ ಇವರು ಮೆಚ್ಚಿದ ವ್ಯವಸ್ಥೆ ಇದೊಂದೇ. ಸಮುದ್ರ ಮಟ್ಟಕ್ಕಿಂತ ತಗ್ಗಿನ ನೆಲವಾದ್ದರಿಂದ ಪ್ರತಿ ಮನೆಯ ಮುಂದೂ ಒಂದು ಕಾಲುವೆ, ಅದರ ಮೇಲೆ ಹಲಗೆಯ ಕಿರುಸೇತುವೆ. ಆಗ ಅಲ್ಲಿ ಮಳೆಗಾಲ, ಕಾಲುವೆ ತುಂಬಿತ್ತು. ನಾವು ಇಳಿಯುತ್ತಿದ್ದಂತೆ ಆಜಿ ಮೆಟ್ಟಿಲ ಬಳಿ ಬಂದು ನಿಂತರು. ತೆಳ್ಳಗೆ, ನೆಟ್ಟಗೆ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು. ದೇವ್ ಓಡಿಹೋಗಿ ಕಾಲು ಮುಟ್ಟಿದ. ಅನಘಾ ಮುಟ್ಟಿದಳು. ಇವರು ಮಾತ್ರ ಫೋನು ತೆಗೆದು, ಬಾವುಟದ ಸಮೇತ ಇಡೀ ಮನೆ ಫೋಟೋದಲ್ಲಿ ಹಿಡಿಯಬೇಕೆಂದು ಒಂದೊಂದೇ ಹೆಜ್ಜೆ ಹಿಂದೆ ಹೋದರು.

"ರೀ, ಹಿಂದೆ..." ಎಂದೆ. ಅಷ್ಟರಲ್ಲಿ ಕಾಣಿಸಲಿಲ್ಲ.

ನೀರು ಎದೆಮಟ್ಟ, ಕೆಳಗೆ ಕೆಸರು. ದೇವ್ ಬೂಟು ಸಮೇತ ಹಾರಿ, ಕಂಕುಳಿಗೆ ಕೈ ಕೊಟ್ಟು ಎತ್ತಿದ. ಹರಿ ಮೇಲಿನಿಂದ ಎಳೆದರು. ಇವರಿಗೆ ಪೆಟ್ಟೇನೂ ಆಗಿರಲಿಲ್ಲ. ದಡದಲ್ಲಿ ಕೂತು ಕನ್ನಡಕ ಒರೆಸಿಕೊಂಡು, ಅಂಗಿಯ ಜೇಬು ಮುಟ್ಟಿಕೊಂಡವರು ಬೆಳ್ಳಗಾದರು.

"ಪೌಚು" ಎಂದರು.

ನಾಲ್ಕು ಪಾಸ್‌ಪೋರ್ಟು. ಸೋಮವಾರ ವಿಮಾನ. ಬುಧವಾರ ಅನಘಾ, ದೇವ್ ಇಬ್ಬರಿಗೂ ಆಸ್ಪತ್ರೆಯಲ್ಲಿ ಡ್ಯೂಟಿ. ನನಗೆ ಆ ಕ್ಷಣದಲ್ಲಿ ಬಂದ ಸಿಟ್ಟನ್ನು ಮೂವತ್ತೊಂದು ವರ್ಷದ ಸಂಸಾರದಲ್ಲಿ ಕಂಡಿರಲಿಲ್ಲ. "ಅವರವರದು ಅವರವರ ಹತ್ರ ಇರಲಿ ಅಂತ ಹೇಳಿದ್ನೋ ಇಲ್ವೋ?" ಎಂದು ಬೀಗರ ಮನೆಯೆದುರು, ಊರವರ ಮುಂದೆ ಕೂಗಿದೆ. ಅಷ್ಟು ಹೊತ್ತಿಗೆ ಊರು ಸೇರಿತ್ತು. ಯಾರೋ ಮೀನಿನ ಬೀಸುಬಲೆ ತಂದರು, ಯಾರೋ ಬಿದಿರು ತಂದರು. ದೇವ್ ಮತ್ತು ಹರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾಲುವೆಯಲ್ಲಿ ಮುಳುಗಿ ಮುಳುಗಿ ಹುಡುಕಿದರು. ನಡುವೆ ಮಳೆ ಬಂತು, ಹೋಯಿತು. ಎರಡು ಗಂಟೆ ಕಳೆದ ಮೇಲೆ, ಪಕ್ಕದ ಮನೆಯ ಹಲಗೆಯ ಕೆಳಗೆ ಕೆಸರಿನಲ್ಲಿ ಕೈಯಾಡಿಸುತ್ತಿದ್ದ ದೇವ್‌ನಿಗೆ ಪೌಚು ಸಿಕ್ಕಿತು, ಜೊತೆಗೊಂದು ಒಡೆದ ಬಾಟಲಿಯೂ. ಅಂಗೈ ಸೀಳಿ ರಕ್ತ ಸುರಿಯುತ್ತಿತ್ತು. ಅನಘಾ ಅಲ್ಲೇ ಕೂರಿಸಿ ತೊಳೆದು ಪಟ್ಟಿ ಕಟ್ಟಿದಳು. ಬಾಯಲ್ಲಿ ಒಂದೇ ಸಮ ಬೈಗುಳ, ಕಣ್ಣಲ್ಲಿ ನೀರು. ಅವನು ಸುಮ್ಮನೆ ಅವಳ ಮುಖ ನೋಡುತ್ತಿದ್ದ. ನಾನು ಅವರಿಬ್ಬರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೋಡಬಾರದಿತ್ತು ಅನ್ನಿಸಿ ಮುಖ ತಿರುಗಿಸಿದೆ.

ವಾಟರ್‌ಪ್ರೂಫ್ ಪೌಚಿನೊಳಗೆ ಅರ್ಧ ಲೋಟ ಕಾಲುವೆ ನೀರಿತ್ತು. ಆಜಿ ಯಾರನ್ನೂ ಕೇಳಲಿಲ್ಲ. ಪಾಸ್‌ಪೋರ್ಟುಗಳನ್ನು ಬಟ್ಟೆಯಿಂದ ಒತ್ತಿ, ಟೇಬಲ್ ಫ್ಯಾನಿನ ಮುಂದೆ ಪುಟ ಬಿಡಿಸಿಟ್ಟು, ಆಮೇಲೆ ನಾಲ್ಕನ್ನೂ ಅಕ್ಕಿ ಮೂಟೆಯೊಳಗೆ ಹುಗಿದರು. "ನಾಳೆವರೆಗೆ ಮುಟ್ಟಬೇಡಿ" ಎಂದರು.

ಮನೆಯ ಕೆಳಗೆ, ಕಂಬಗಳ ನಡುವಿನ ನೆರಳಿನ ಜಾಗದಲ್ಲಿ ಬೆಂಚು, ಜೋಲಿ, ಒಲೆ ಎಲ್ಲ ಇರುತ್ತವೆ. ಅಲ್ಲೇ ಅವರು ಬಂದವರನ್ನು ಕೂರಿಸುವುದು. ಹರಿಯ ದೊಗಳೆ ಚಡ್ಡಿ ಮತ್ತು ರಮ್ಮಿನ ಜಾಹೀರಾತು ಇರುವ ಟೀ ಶರ್ಟ್ ಹಾಕಿಕೊಂಡು ಇವರು ಬೆಂಚಿನ ಮೇಲೆ ಕೂತರು. ಹೀಗೆ ಕೂತಾಗಲಾದರೂ ಸುಮ್ಮನಿರಬಹುದಿತ್ತು. ಮನೆಯಿಂದ ತಯಾರು ಮಾಡಿಕೊಂಡು ಬಂದ ಪ್ರಶ್ನೆಯನ್ನು ಕೇಳಿಯೇ ಬಿಟ್ಟರು. ನಿಮ್ಮ ಪೂರ್ವಿಕರು ಯಾವ ಜನ, ಗೋತ್ರ ಗೀತ್ರ ಏನಾದರೂ ಗೊತ್ತೇ? ಅನಘಾ ಹಣೆ ಹಿಡಿದುಕೊಂಡಳು.

ಆಜಿಗೆ ಬೇಸರವಾದಂತೆ ಕಾಣಲಿಲ್ಲ. "ಹಡಗು ಹತ್ತುವಾಗ ಗುಮಾಸ್ತ ಕೇಳಿ ಬರ್ಕೊಳ್ತಿದ್ನಂತೆ. ಕೆಲವರು ಇದ್ದದ್ದು ಹೇಳಿದ್ರು, ಕೆಲವರು ಇರಬೇಕು ಅನ್ನಿಸಿದ್ದು ಹೇಳಿದ್ರು. ನಮ್ಮವರು ಏನು ಹೇಳಿದ್ರೋ ನನಗೆ ಗೊತ್ತಿಲ್ಲ" ಎಂದರು. ಆಮೇಲೆ ತಮ್ಮ ಬೆಂಚನ್ನು ಇವರ ಎದುರಿಗೆ ಎಳೆದುಕೊಂಡು, "ಈಗ ನಾನು ಕೇಳಲಾ?" ಎಂದರು.

ಒಂದು ಗಂಟೆ ಕೇಳಿದರು. ನಿಮ್ಮ ಮನೆಯಲ್ಲಿ ಅಡಿಗೆ ಯಾರು ಮಾಡೋದು? ನೀವು ಮಾಡ್ತೀರಾ? ಯಾಕೆ ಮಾಡಲ್ಲ? ಹುಡುಗಿಗೆ ಸಿಟ್ಟು ಬಂದ್ರೆ ಊಟ ಬಿಡ್ತಾಳಾ, ಮಾತು ಬಿಡ್ತಾಳಾ? ನನ್ನ ಹುಡುಗ ರಾತ್ರಿ ಕೆಲಸ ಮಾಡಿ ಹಗಲು ಮಲಗ್ತಾನೆ, ಅದಕ್ಕೆ ಯಾರಾದರೂ ಗೊಣಗ್ತಾರಾ? ಈ ಕೊನೆಯ ಪ್ರಶ್ನೆಗೆ ಇವರು ನನ್ನ ಮುಖ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಆಜಿ ಎದ್ದು, "ಯೋಚನೆ ಮಾಡಿ ನಾಳೆ ಹೇಳ್ತೀನಿ" ಎಂದು ಮೆಟ್ಟಿಲು ಹತ್ತಿ ಹೋದರು.

ಇವರು ಕೂತಲ್ಲೇ ಕೂತಿದ್ದರು. "ಏನಂತೆ? ಅವರು ಯೋಚನೆ ಮಾಡಬೇಕಂತಾ? ನಮ್ಮ ಹುಡುಗಿ ಬಗ್ಗೆ? ಡಾಕ್ಟರ್ ಕಣೇ ಅವಳು! ಏನು ಕಮ್ಮಿ ಆಗಿದೆ ಅವಳಿಗೆ?"

"ಕಮ್ಮಿ ಏನಿಲ್ಲ. ಮನೆತನ ನೋಡ್ತಿದ್ದಾರೆ" ಎಂದೆ.

ಭಾನುವಾರ ಬೆಳಿಗ್ಗೆ ಕೆಳಗಿಳಿದಾಗ ಆಜಿ ಒಲೆಯ ಮುಂದೆ ಕುಂಬಳಕಾಯಿ ಹೆಚ್ಚುತ್ತಿದ್ದರು. ನನಗೂ ಒಂದು ಚಾಕು ಕೊಟ್ಟರು. ಅರ್ಧ ಕಾಯಿಯನ್ನು ಇಬ್ಬರೂ ಸೇರಿ ಹೆಚ್ಚಿದೆವು. ಆಮೇಲೆ, ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ, "ನಿನ್ನ ಗಂಡನ್ನ ಕೇಳಿದೆ. ನಿನ್ನ ಕೇಳಲಿಲ್ಲ. ನಿನಗೆ ಈ ಮದುವೆ ಇಷ್ಟಾನಾ?" ಎಂದರು.

ಒಂದೂವರೆ ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮಗಳು ಅಪ್ಪನನ್ನು ಕೇಳುತ್ತಿದ್ದಳು, ಅಪ್ಪ ಮುಖ ಗಂಟು ಹಾಕುತ್ತಿದ್ದರು, ನಾನು ನಡುವೆ ಕಾಫಿ ಇಡುತ್ತಿದ್ದೆ. ಒಳ್ಳೆಯವಳ ಪಾತ್ರ ನನ್ನದು. ಬಾಯಿ ತೆರೆದರೆ "ಇಷ್ಟ" ಎಂದು ಬರಬೇಕಿತ್ತು, ಬರಲಿಲ್ಲ. "ಇಲ್ಲ" ಎಂದೆ. ನನ್ನ ದನಿ ಕೇಳಿ ನನಗೇ ಭಯವಾಯಿತು. "ಹುಡುಗ ಒಳ್ಳೆಯವನು. ಆದರೆ ನಮ್ಮ ಜನಕ್ಕೆ ಏನು ಹೇಳಲಿ ಅನ್ನೋದೇ ಯೋಚನೆ. ಇಲ್ಲಿಗೆ ಯಾಕೆ ಹೋಗ್ತೀರಿ ಅಂತ ಕೇಳಿದವರಿಗೂ ಸುಳ್ಳು ಹೇಳಿ ಬಂದೆ. ಗಂಡ ಬೇಡ ಅಂದುಬಿಟ್ಟರೆ ನಾನು ಹೇಳೋದು ತಪ್ಪುತ್ತಲ್ಲ ಅಂತ ಕಾಯ್ತಿದ್ದೆ." ಇದನ್ನೆಲ್ಲ ಯಾವ ಇಂಗ್ಲಿಷಿನಲ್ಲಿ ಹೇಳಿದೆನೋ.

ಆಜಿ ಚಾಕು ಕೆಳಗಿಟ್ಟರು. ಎದ್ದು ಹೋಗುತ್ತಾರೆ ಅಂದುಕೊಂಡೆ. ನಕ್ಕರು. "ನನಗೂ ಅದೇ. ಈ ಊರವರಿಗೆ ಏನು ಹೇಳಲಿ? ಹುಡುಗಿಗೆ ರೊಟ್ಟಿ ಮಾಡಕ್ಕೆ ಬರಲ್ಲ. ಹಿಂದಿ ಹಾಡು ಒಂದೂ ಗೊತ್ತಿಲ್ಲ. ಇಂಡಿಯಾದವರು ಅಂತ ಹೆಸರಿಗೆ, ಅಪ್ಪ ನೆಟ್ಟಗೆ ನಿಲ್ಲಲಾರದೆ ಕಾಲುವೆಗೆ ಬೀಳ್ತಾನೆ." ನನಗೂ ನಗು ಬಂತು, ನಗುತ್ತಾ ಅಳುವೂ ಬಂತು. ಅವರು ತಲೆವಸ್ತ್ರದ ತುದಿಯಿಂದ ನನ್ನ ಕೆನ್ನೆ ಒರೆಸಿದರು. "ಇಲ್ಲ ಅಂತ ಮುಖದ ಮುಂದೆ ಹೇಳಿದೆಯಲ್ಲ, ಸಾಕು. ನಿನ್ನ ಹತ್ರ ನನ್ನ ಹುಡುಗನ್ನ ಬಿಡಬಹುದು. ಒಳಗೊಂದು ಹೊರಗೊಂದು ಇಟ್ಕೊಂಡು ಚೆನ್ನಾಗಿ ಮಾತಾಡೋರನ್ನ ಕಂಡ್ರೆ ನನಗೆ ಹೆದರಿಕೆ" ಎಂದರು. ಮಿಕ್ಕ ಕುಂಬಳಕಾಯಿಯನ್ನು ನಾನೇ ಹೆಚ್ಚಿದೆ.

ಮಧ್ಯಾಹ್ನ ತಾವರೆ ಎಲೆಯ ಮೇಲೆ ಊಟ. ಅಗಲವಾದ ದುಂಡನೆ ಎಲೆ, ಅನ್ನದ ಸುತ್ತ ಏಳು ಬಗೆಯ ಪಲ್ಯ ಗೊಜ್ಜು: ಕುಂಬಳ, ಕಡಲೆ ಆಲೂಗೆಡ್ಡೆ, ಸೊಪ್ಪು, ಮಾವಿನಕಾಯಿ, ಹಲಸಿನ ಜಾತಿಯ ಯಾವುದೋ ಕಾಯಿ, ಇನ್ನೆರಡರ ಹೆಸರು ಮರೆತೆ. ಮದುವೆ, ಪೂಜೆಗೆ ಮಾತ್ರ ಮಾಡುವ ಅಡಿಗೆಯಂತೆ. ಇವರು ಊಟ ಮುಟ್ಟದೆ ಆಜಿಯ ಬಾಯನ್ನೇ ನೋಡುತ್ತಾ ಕೂತಿದ್ದರು. ಹಿಂದಿನ ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಬೆಳಿಗ್ಗೆ ನನ್ನ ಹತ್ತಿರ, "ನಾನು ಅಡಿಗೆ ಕಲೀತೀನಿ ಅಂತ ಬೇಕಾದ್ರೆ ಹೇಳು ಅವರಿಗೆ" ಎಂದಿದ್ದರು. ಕೊನೆಗೆ ಕೇಳಿಯೇ ಬಿಟ್ಟರು: "ಆಂಟಿ, ಏನು ಯೋಚನೆ ಮಾಡಿದ್ರಿ?"

"ಏಳು ಪಲ್ಯ ಸುಮ್ಮನೆ ಮಾಡಿದ್ದೀನಾ? ತಿನ್ನಪ್ಪಾ" ಎಂದರು ಆಜಿ.

ದೇವ್ ಪಟ್ಟಿ ಕಟ್ಟಿದ ಕೈಯಿಂದಲೇ ಮುಖ ಮುಚ್ಚಿಕೊಂಡ. ಅನಘಾ ನನ್ನ ಕಡೆ ನೋಡಿದಳು. ಅಪ್ಪನ ಕಡೆಯಲ್ಲ, ನನ್ನ ಕಡೆ. ನಾನು ತಲೆಯಾಡಿಸಿದೆ. ಆಗಲೂ ನನ್ನ ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಆದರೆ ತಲೆಯಾಡಿಸಿದ್ದು ನಾನೇ, ಬೇರೆ ಯಾರ ಪರವಾಗಿಯೂ ಅಲ್ಲ.

ಸೋಮವಾರ ಬೆಳಿಗ್ಗೆ ಹೊರಟಾಗ ಸೂಟ್‌ಕೇಸ್‌ಗಳು ಖಾಲಿಯಾಗಿ ಹಗುರಾಗಿರಬೇಕಿತ್ತು. ಆಜಿ ಮಾವಿನಕಾಯಿ ಉಪ್ಪಿನಕಾಯಿಯ ಹನ್ನೆರಡು ಬಾಟಲಿ ತುಂಬಿಸಿ ಮತ್ತೆ ಐವತ್ತು ಪೌಂಡಿಗೆ ತಂದಿದ್ದರು. ಪಾಸ್‌ಪೋರ್ಟುಗಳು ಒಣಗಿದ್ದವು, ಕರಿದ ಹಪ್ಪಳದ ಹಾಗೆ ಸುರುಳಿ ಸುರುಳಿಯಾಗಿ. ವಿಮಾನ ನಿಲ್ದಾಣಗಳಲ್ಲೆಲ್ಲ ಅಧಿಕಾರಿಗಳು ಅವನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿ ನೋಡಿದರು. ಮಯಾಮಿಯಲ್ಲಿ ಇವರನ್ನು ಪಕ್ಕದ ಕೋಣೆಗೆ ಕರೆದೊಯ್ದು ಮುಕ್ಕಾಲು ಗಂಟೆ ಕೂರಿಸಿದರು. ಪುಟದ ಸಂದಿಯಿಂದ ಅಕ್ಕಿಕಾಳು ಉದುರಿತಂತೆ. ಶಿಕಾಗೋ ವಿಮಾನವನ್ನು ಓಡಿ ಹಿಡಿದೆವು.

ಸೀತಾ ಅವರ ಮನೆಯಲ್ಲಿ ಮಲಗಿ, ಮಂಗಳವಾರ ಬೆಳಿಗ್ಗೆ ಮತ್ತದೇ ಇನ್ನೂರ ಎಂಬತ್ತು ಮೈಲಿ. ಈ ಸಲ ಡ್ರೈವ್ ಮಾಡಿದವಳು ಅನಘಾ. ಮಿಷಿಗನ್ ಗಡಿ ದಾಟಿದ ಮೇಲೆ ಹಿಮ ಶುರುವಾಯಿತು. ಮುಂದಿನ ಸೀಟಿನಲ್ಲಿದ್ದ ಇವರ ಫೋನು ರಿಂಗಾಯಿತು. ಮೈಸೂರಿನಿಂದ ಇವರ ಅಕ್ಕ. ಹಿಂದಿನ ಸೀಟಿನವರೆಗೂ ಕೇಳುವಷ್ಟು ದೊಡ್ಡ ದನಿ ಅವರದು.

"ಎಲ್ಲೋ ಹೋಗಿದ್ದೆಯಂತಲ್ಲೋ, ಘಾನಾ ಅಂತೆ?"

"ಘಾನಾ ಅಲ್ಲ ಅಕ್ಕ, ಗಯಾನಾ. ಘಾನಾ ಆಫ್ರಿಕಾದಲ್ಲಿದೆ."

"ಎಲ್ಲಿದ್ರೇನು. ಒಪ್ಪಿಬಿಟ್ಟೆಯಾ ನೀನು? ನಮ್ಮನ್ನ ಒಂದು ಮಾತು ಕೇಳೋದು ಬೇಡ್ವಾ?"

ವೈಪರು ಎರಡು ಮೂರು ಸಲ ಅತ್ತಿತ್ತ ಹೋಯಿತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ದೇವ್ ಪಟ್ಟಿಯ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದ. ಇವರು ಒಮ್ಮೆ ಹಿಂದೆ ತಿರುಗಿ ಅವನನ್ನು ನೋಡಿ, ದನಿ ತಗ್ಗಿಸಿದರು.

"ಮೆಲ್ಲಗೆ ಮಾತಾಡು ಅಕ್ಕ, ಹುಡುಗ ಮಲಗಿದಾನೆ. ನಾನು ಒಪ್ಪೋದು ಹಾಗಿರಲಿ. ಅವರು ನಮ್ಮನ್ನ ಒಪ್ಪಿದ್ರು, ಅದನ್ನ ಮೊದಲು ಕೇಳಿಸ್ಕೋ."